ಖಾಲಿ ಹಾಳೆಯಲ್ಲಿ ನೀಲಮ್ಮನ ಬಾವಿ

ಹೋದ ತಿಂಗಳು ನಾನು ದುಡ್ಡು ಕೊಟ್ಟು ಒಂದು ಖಾಲಿ ಹಾಳೆ ಪ್ರಿಂಟ್ ಮಾಡಿಸಿಕೊಂಡು ಬಂದೆ.

ನಗಬೇಡಿ. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯಿಂದ ರೋಜಾ ಬಡಾವಣೆಯ ನೆಟ್ ಸೆಂಟರಿಗೆ ಉರಿಬಿಸಿಲಲ್ಲಿ ಆಟೋ ಮಾಡಿಕೊಂಡು ಹೋಗಿದ್ದೆ. ಪೆನ್ ಡ್ರೈವ್ ಕೊಟ್ಟೆ. ಸೆಂಟರ್ ನಡೆಸುವ ಸಲೀಂ ಭಾಯಿ ಫೈಲ್ ಹುಡುಕಿ ಪ್ರಿಂಟ್ ಕೊಟ್ಟರು. ಪ್ರಿಂಟರ್ ಗರ್ ಗರ್ ಎಂದು ಬಹಳ ಹೊತ್ತು ಯೋಚನೆ ಮಾಡಿ, ಒಂದು ಅಚ್ಚ ಬಿಳಿ ಹಾಳೆಯನ್ನು ಹೊರಗೆ ತಳ್ಳಿತು. ಗೆರೆ ಇಲ್ಲ, ಅಂಕಿ ಇಲ್ಲ, ಒಂದು ಚುಕ್ಕೆಯೂ ಇಲ್ಲ.

ಸಲೀಂ ಭಾಯಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಮೇಡಂ, ಕೋರಾ ಕಾಗದ ನಮ್ಮ ಹತ್ರನೂ ಬೇಕಾದಷ್ಟು ಅವ. ಪೆನ್ ಡ್ರೈವ್‌ನಾಗ ಯಾಕ ಹಾಕ್ಕೊಂಡು ಬಂದ್ರಿ?"

"ಅದ್ರಾಗ ಗ್ರಾಫ್ ಇತ್ತ್ರೀ."

"ಇದ್ದೀತು ಬಿಡ್ರಿ," ಎಂದರು, ರೋಗಿಗೆ ಸಮಾಧಾನ ಹೇಳುವ ದನಿಯಲ್ಲಿ. ಆಮೇಲೆ ಕಲರ್ ಪ್ರಿಂಟಿನ ರೇಟು ಹಿಡಿದರು. (ಬಿಳಿಯೂ ಒಂದು ಕಲರ್ ತಾನೇ!)

ಆ ಹಾಳೆಯಲ್ಲಿ ಇರಬೇಕಾಗಿದ್ದದ್ದು ಒಂದು ಬಾವಿ. ಕಮಲಾಪುರದ ನೀಲಮ್ಮನ ಬಾವಿ.

ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು ಎಂದು ಈ ಅಂಕಣ ಓದುವವರಿಗೆ ಗೊತ್ತು. ನೀಲಮ್ಮನ ಪರಿಚಯ ಮಾತ್ರ ಮಾಡಿಸಿರಲಿಲ್ಲ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್. ಬಿ.ಎಸ್ಸಿ. ಮುಗಿಯುವ ತನಕ ಇಬ್ಬರಿಗೂ ಒಂದೇ ಕೋಣೆ, ಒಂದೇ ಉಪ್ಪಿನಕಾಯಿ ಭರಣಿ. ಲೆಕ್ಕದಲ್ಲಿ ನನಗಿಂತ ಒಂದು ಕೈ ಮೇಲೆ. ಮದುವೆಯಾಗಿ ಕಮಲಾಪುರಕ್ಕೆ ಹೋದಳು. ಗಂಡ ಸಾಲಿ ಮಾಸ್ತರ, ತೋಟ ಇವಳದು. ಬೆಳೆಯುವುದು ಕೆಂಪು ಬಾಳೆ.

ಕಮಲಾಪುರದ ಕೆಂಪು ಬಾಳೆಹಣ್ಣಿನ ರುಚಿ ನಾನು ಹೇಳಬೇಕಾಗಿಲ್ಲ. ಆದರೆ ಅದರ ಗೊನೆ ಕೈಗೆ ಬರಲು ಹತ್ತಿರ ಹತ್ತಿರ ಒಂದೂವರೆ ವರ್ಷ ಬೇಕು ಎಂಬುದು ತಿನ್ನುವ ಎಷ್ಟು ಮಂದಿಗೆ ಗೊತ್ತು? ಅಷ್ಟೂ ದಿನ ಗಿಡಕ್ಕೆ ನೀರು ಬೇಕು. ಆ ನೀರು ಬರುತ್ತಿದ್ದದ್ದು ನೀಲಮ್ಮನ ಮಾವ ತೋಡಿಸಿದ ಬಾವಿಯಿಂದ. ಮಾವ ತೀರಿದ ಮೇಲೆ ಜಮೀನು ಪಾಲಾಯಿತು. ಬಾವಿ ಮತ್ತು ತೋಟ ಮಾಸ್ತರರಿಗೆ ಬಂದವು. ರಸ್ತೆ ಕಡೆಯ ತುಂಡು ನೀಲಮ್ಮನ ಮೈದುನ ಬಸವರಾಜನಿಗೆ ಹೋಯಿತು. ಎರಡು ವರ್ಷದ ಕೆಳಗೆ ಬಸವರಾಜ ಅಲ್ಲೊಂದು ಕಲ್ಯಾಣ ಮಂಟಪ ಕಟ್ಟಿಸಿದ. ಮಂಟಪದ ಹಿಂದೆ, ಬಾವಿಗೆ ಕೂಗಳತೆಯಲ್ಲಿ, ಒಂದು ಬೋರು ಹಾಕಿಸಿದ.

ಅಂದಿನಿಂದ ನೀಲಮ್ಮ ಒಂದೇ ಮಾತು ಹೇಳುತ್ತಿದ್ದಾಳೆ: ಬಾವಿಯ ನೀರು ಇಳಿಯುತ್ತಿದೆ.

ಗಂಡನಿಗೆ ಹೇಳಿದಳು. "ಬ್ಯಾಸಗ್ಯಾಗ ಯಾರ ಬಾವಿ ಇಳ್ಯಾಂಗಿಲ್ಲ?" ಎಂದರು ಮಾಸ್ತರು. ತಮ್ಮನ ಜೊತೆ ಜಗಳ ಅವರಿಗೆ ಬೇಡ. ಮೈದುನನಿಗೆ ಹೇಳಿದಳು. "ವೈನಿ, ನಿಮಗ ನನ್ನ ಹಾಲ್ ಕಂಡ್ರ ಆಗಂಗಿಲ್ಲ," ಎಂದ. ಊರ ಹಿರಿಯರಿಗೆ ಹೇಳಿದಳು. ಅವರು ಅವಳ ಎದುರಿಗೆ ತಲೆಯಾಡಿಸಿ, ಅವಳು ಆ ಕಡೆ ಹೋದ ಮೇಲೆ "ಅಕಿದು ದಿನಾ ಇದ್ದದ್ದೇ" ಎಂದರು. ಊರು ಸಣ್ಣದು, ಆ ಮಾತು ಸಂಜೆಯೊಳಗೆ ಅವಳ ಕಿವಿಗೆ ಬಿತ್ತು.

ಈ ಯುಗಾದಿಗೆ ಹೊಸ ಬಾಳೆ ಕಂದು ನೆಡಬೇಕು. ನೀರಿನ ಭರವಸೆ ಇಲ್ಲದಿದ್ದರೆ ಕೆಂಪು ಬಾಳೆ ಕಿತ್ತು ತೊಗರಿ ಬಿತ್ತಬೇಕು. ನಡುವೆ ಬೇರೆ ದಾರಿ ಇಲ್ಲ. ನೀಲಮ್ಮ ಹಟ ಹಿಡಿದಳು, ಹಿರಿಯರು ಒಂದು ಭಾನುವಾರ ಕೂಡಲು ಒಪ್ಪಿದರು. ಬಸವರಾಜ ಒಂದೇ ಮಾತು ಹೇಳಿದ: "ಪುರಾವೆ ತೋರಸ್ರಿ. ಬೋರು ಬಂದ್ ಮಾಡ್ತೀನಿ."

ನೀಲಮ್ಮ ನನಗೆ ಫೋನ್ ಮಾಡಿದಳು. "ಪುರಾವೆ ಅದ, ಸುಧಾ. ಮೋಟರ್ ರೂಮಿನ ಗ್ವಾಡಿ ಮ್ಯಾಲ ಅದ."

ಅವಳ ಮಾವನದೊಂದು ಪದ್ಧತಿ. ನಮ್ಮ ಕಡೆ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ. ಅವರು ಎತ್ತಿನ ಜೊತೆ ಬಾವಿಗೂ ರಜೆ ಕೊಡುತ್ತಿದ್ದರು. ಆ ದಿನ ಮೋಟರ್ ಬಂದ್. ಅಲುಗಾಡದ ನೀರಿಗೆ ಕಲ್ಲು ಕಟ್ಟಿದ ಹಗ್ಗ ಬಿಟ್ಟು, ಕಟ್ಟೆಯಿಂದ ನೀರಿನವರೆಗೆ ಎಷ್ಟು ಮೊಳ ಎಂದು ಅಳೆದು, ಇದ್ದಲಿನಿಂದ ಮೋಟರ್ ರೂಮಿನ ಗೋಡೆಯ ಮೇಲೆ ಬರೆಯುವುದು. ತಿಂಗಳ ಹೆಸರಿಲ್ಲ, ತಾರೀಖಿಲ್ಲ. ಅಮಾವಾಸ್ಯೆಗೊಂದು ಅಂಕಿ, ಅಷ್ಟೇ. ಯುಗಾದಿ ದಾಟಿದರೆ ಹೊಸ ಸಾಲು. ಮಾವ ಹೋದ ಮೇಲೆ ಹಗ್ಗ ಸೊಸೆಯ ಕೈಗೆ ಬಂತು. ಅವಳು ಒಂದು ಅಮಾವಾಸ್ಯೆಯನ್ನೂ ತಪ್ಪಿಸಿಲ್ಲ.

"ಅಂಕಿ ನೋಡಿದ್ರ ಅವರಿಗಿ ತಿಳ್ಯಾಂಗಿಲ್ಲ. ನೀ ಗೆರಿ ತಗದು ಕೊಡು. ತಿಂಗಳ ಹೆಸರು ಚೈತ್ರ, ವೈಶಾಖ ಅಂತನೇ ಇರ್ಲಿ," ಎಂದಳು. ಅಲ್ಲೇ ಗೋಡೆಯ ಮುಂದೆ ನಿಂತು ಮೊಬೈಲಿನಲ್ಲಿ, ಬೋರು ಹಾಕಿದ ವರ್ಷದಿಂದ ಈಚಿನ ಅಂಕಿಗಳನ್ನು ಒಂದರ ಹಿಂದೆ ಒಂದು ಓದಿದಳು. ಇಲ್ಲಿ ನಾನು ಟೈಪ್ ಮಾಡಿದೆ.

ಎಕ್ಸೆಲ್‌ನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತಿತ್ತಲ್ಲ ಎನ್ನುತ್ತೀರಾ? ನಮ್ಮವರೂ ಅದನ್ನೇ ಅಂದರು. ಆದರೆ ಹೈದರಾಬಾದಿನ ರಿಫ್ರೆಶರ್ ಕೋರ್ಸಿನಿಂದ ನಾನೊಂದು ಸಿಡಿ ತಂದಿದ್ದೆ. ಅದರಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಜೊತೆಗೆ ಗ್ರಾಫ್ ಬಿಡಿಸಲು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿ. (ಕಪಾಟು, ಪುಸ್ತಕದ ಲೈಬ್ರರಿ ಅಲ್ಲ. ಯಾರೋ ಪುಣ್ಯಾತ್ಮರು ಬರೆದಿಟ್ಟ ಕೋಡಿನ ಗಂಟು. ಬಿಚ್ಚಿ ಬಳಸುವುದು ನಮ್ಮ ಹಣೆಬರಹ.) ಬರುವ ವರ್ಷ ಇದನ್ನೇ ಕಲಿಸುತ್ತೇನೆ ಎಂದು ಕ್ಲಾಸಿನಲ್ಲಿ ಹುಡುಗಿಯರ ಮುಂದೆ ಹೇಳಿ ಆಗಿತ್ತು. ಹೇಳಿದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ.

ಶುರುವಿನಲ್ಲೇ ವಿಘ್ನ. ಈ ಲೈಬ್ರರಿ ನಡೆಯಲು ಇನ್ನೊಂದು ಲೈಬ್ರರಿ ಬೇಕಂತೆ. ಅದು ಸಿಡಿಯಲ್ಲಿ ಇತ್ತು. ಆದರೆ ಅದರ ವರ್ಷನ್ನಿಗೂ ಇದರ ವರ್ಷನ್ನಿಗೂ ಕೂಡಿ ಬರಲಿಲ್ಲ. ಹುಡುಗ ಹುಡುಗಿ ಇಬ್ಬರೂ ಒಳ್ಳೆಯವರೇ, ಜಾತಕ ಮಾತ್ರ ಕೂಡುವುದಿಲ್ಲ ಎಂಬ ಹಾಗೆ. ನೆಟ್ ಸೆಂಟರಿಗೆ ಹೋಗಿ ಹೊಂದುವ ವರ್ಷನ್ ಇಳಿಸಿಕೊಂಡೆ. ಅರ್ಧ ಇಳಿದಾಗ ಕರೆಂಟ್ ಹೋಯಿತು. "ಲೈಟ್ ಬರತನಕ ಚಾಯ್ ಕುಡೀರಿ ಮೇಡಂ," ಎಂದರು ಸಲೀಂ ಭಾಯಿ. ಚಹಾ ಕುಡಿದು ಮತ್ತೆ ಮೊದಲಿನಿಂದ ಇಳಿಸಿದೆ.

ಮನೆಗೆ ಬಂದು ಹನ್ನೆರಡು ತಿಂಗಳ ಹೆಸರನ್ನು ವರ್ಷದ ಮೇಲೆ ವರ್ಷ ಜೋಡಿಸಿದೆ, ಮೊನ್ನೆಯ ಮಾಘದ ತನಕ. ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ... ಸಣ್ಣವಳಿದ್ದಾಗ ದೀಪ ಹಚ್ಚಿದ ಮೇಲೆ ಬಾಯಿಪಾಠ ಒಪ್ಪಿಸುತ್ತಿದ್ದ ಲಯದಲ್ಲೇ ಬೆರಳು ಓಡಿತು. ಪಕ್ಕದಲ್ಲಿ ನೀಲಮ್ಮನ ಅಂಕಿಗಳು. ಎಂಟರ್ ಒತ್ತಿದೆ. ಕೆಂಪು ಅಕ್ಷರದಲ್ಲಿ ಎರರ್. ಎಕ್ಸ್ ಉದ್ದಕ್ಕೂ ವೈ ಉದ್ದಕ್ಕೂ ತಾಳೆಯಿಲ್ಲ, ಬಿಡಿಸಲಾರೆ ಎನ್ನುತ್ತಿತ್ತು.

ಎಣಿಸಿದೆ. ತಿಂಗಳಿಗಿಂತ ಅಂಕಿ ಒಂದು ಹೆಚ್ಚಿತ್ತು. ಫೋನಿನಲ್ಲಿ ಒಂದು ಅಂಕಿಯನ್ನು ಎರಡು ಸಲ ಬರೆದುಕೊಂಡಿರಬೇಕು ಅಂದುಕೊಂಡೆ. ಕೊನೆಯದೊಂದನ್ನು ಅಳಿಸಿದೆ. ಎರರ್ ಬಾಯಿ ಮುಚ್ಚಿತು. ನಾನು ಮುಂದಕ್ಕೆ ಹೋದೆ.

ಈಗ ಎರರ್ ಇಲ್ಲ, ಗ್ರಾಫೂ ಇಲ್ಲ! ಕರ್ಸರ್ ಮಿಣಮಿಣ ಎನ್ನುತ್ತಾ ಕೂತಿತು. ಅರ್ಧ ಮಧ್ಯಾಹ್ನ ಹೋದ ಮೇಲೆ ಹೊಳೆಯಿತು. ನಾನು 'ಬಿಡಿಸು' ಎಂದಿದ್ದೆ, ಅದು ಬಿಡಿಸಿತ್ತು. 'ತೋರಿಸು' ಎಂದು ನಾನು ಎಲ್ಲಿ ಹೇಳಿದ್ದೆ? ಕೊನೆಯಲ್ಲಿ ಶೋ ಎಂಬ ಒಂದು ಆಜ್ಞೆ ಕೊಡಬೇಕು. ಕೊಟ್ಟೆ. ವಿಂಡೋ ತೆರೆಯಿತು, ಅದರಲ್ಲಿ ನೀಲಿ ಗೆರೆ. ಕಣ್ತುಂಬ ನೋಡಿದೆ, ವಿಂಡೋ ಮುಚ್ಚಿದೆ, ಮುಂದಿನ ಸಾಲಿನ ಆಜ್ಞೆಯಂತೆ ಅದು ಸೇವ್ ಆಯಿತು, ಪೆನ್ ಡ್ರೈವ್‌ಗೆ ಹಾಕಿಕೊಂಡು ರೋಜಾಕ್ಕೆ ಹೋದೆ. ಮುಂದಿನದು ನಿಮಗೆ ಗೊತ್ತು.

ಯಾಕೆ ಖಾಲಿ ಬಂತು? ವಿಂಡೋ ಮುಚ್ಚಿದ ಕೂಡಲೇ ಆ ಚಿತ್ರದ ಕಥೆ ಮುಗಿಯಿತು. ಆಮೇಲೆ 'ಸೇವ್ ಮಾಡು' ಎಂದರೆ ಅದು ಹೊಸದೊಂದು ಖಾಲಿ ಹಾಳೆಯನ್ನು ತೆಗೆದು ಭಕ್ತಿಯಿಂದ ಸೇವ್ ಮಾಡುತ್ತದೆ. ಮೊದಲು ಸೇವ್, ಆಮೇಲೆ ಶೋ. (ಹುಡುಗಿಯರೇ, ಬರೆದುಕೊಳ್ಳಿ. ಪರೀಕ್ಷೆಗೆ ಬರುತ್ತದೆ.)

ಆಮೇಲೆ ಕನ್ನಡದ ಸರದಿ. ತಿಂಗಳ ಹೆಸರು ಇರಬೇಕಾದ ಕಡೆ ಸಾಲಾಗಿ ಚೌಕ ಚೌಕ ಡಬ್ಬಿಗಳು. ಕನ್ನಡ ಫಾಂಟ್ ಎಲ್ಲಿದೆ ಎಂದು ದಾರಿ ತೋರಿಸಿಕೊಟ್ಟೆ. ಡಬ್ಬಿ ಹೋಗಿ ಅಕ್ಷರ ಬಂದವು, ಆದರೆ ಒತ್ತಕ್ಷರಗಳೆಲ್ಲ ಬಿಚ್ಚಿಕೊಂಡು ಒಂದೊಂದು ಒಂದೊಂದು ಕಡೆ ಬಿದ್ದಿದ್ದವು. 'ಜ್ಯೇಷ್ಠ' ಎಂಬುದು ಸಂತೆಯಲ್ಲಿ ಕೈಬಿಟ್ಟ ಮಕ್ಕಳಂತೆ ಚೆದುರಿತ್ತು. ಅದಕ್ಕೆ ಕನ್ನಡ ಜೋಡಿಸಲು ಬರುವುದೇ ಇಲ್ಲ ಎಂದು ಮರುದಿನ ನೆಟ್ಟಿನಲ್ಲಿ ಓದಿ ತಿಳಿಯಿತು. ಸರಿ, ನನಗೆ ಬರುತ್ತದಲ್ಲ! ಆ ಜಾಗ ಖಾಲಿ ಬಿಡಿಸಿ, ಪ್ರಿಂಟಿನ ಮೇಲೆ ಸ್ಕೆಚ್ ಪೆನ್ನಿನಿಂದ ತಿಂಗಳ ಹೆಸರುಗಳನ್ನು ನಾನೇ ಬರೆದೆ.

ಗೆದ್ದೆ ಎಂದು ನಮ್ಮವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಬಾವಿ ತುಂಬಿ ಹರ್ಯಾಕತ್ತದ. ನಿನ್ನ ಗೆಳತಿಗಿ ಏನು ಕಷ್ಟ?" ಎಂದರು.

ಕಟ್ಟೆಯಿಂದ ನೀರು ಕೆಳಗೆ ಹೋದಷ್ಟೂ ಮೊಳದ ಅಂಕಿ ದೊಡ್ಡದಾಗುತ್ತದೆ. ಅಂಕಿ ದೊಡ್ಡದಾದರೆ ಗೆರೆ ಏರುತ್ತದೆ. ನೀರು ಇಳಿದರೆ ಗೆರೆ ಏರುವ ಬಾವಿಯನ್ನು ಹಿರಿಯರ ಮುಂದೆ ಇಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತು? ನಿಂತಿರುವ ಅಕ್ಷವನ್ನು ಬುಡಮೇಲು ಮಾಡಿದೆ. ಮೇಲೆ ಸೊನ್ನೆ, ಕೆಳಗೆ ದೊಡ್ಡ ಅಂಕಿ. ಈಗ ಹಾಳೆಯ ಮೇಲಂಚೇ ಬಾವಿಕಟ್ಟೆ. ಮತ್ತೆ ರೋಜಾ, ಮತ್ತೆ ಪ್ರಿಂಟ್, ಮತ್ತೆ ಸ್ಕೆಚ್ ಪೆನ್. ಲಕೋಟೆಯಲ್ಲಿ ಹಾಕಿ ಹುಮನಾಬಾದ್ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಕಮಲಾಪುರದಲ್ಲಿ ಮಾಸ್ತರ ಮನೆಗೆ ಮುಟ್ಟಿಸಿ ಎಂದೆ.

ಕಂಡಕ್ಟರ್ ರಸ್ತೆ ಪಕ್ಕದ ಕಲ್ಯಾಣ ಮಂಟಪದಲ್ಲೇ ಕೊಟ್ಟು ಹೋದ. ಒಂದೇ ಮನೆಯವರು ತಾನೇ.

ಬಸವರಾಜ ಲಕೋಟೆ ಬಿಚ್ಚಿದ. ನೋಡಿದ. ಹಾಳೆ ಹಿಡಿದುಕೊಂಡು ನಗುತ್ತಾ ಅಣ್ಣನ ಮನೆಗೆ ಬಂದ. ನೀಲಮ್ಮ ಆಮೇಲೆ ಫೋನಿನಲ್ಲಿ ಅವನ ಮಾತನ್ನು ಹಾಗೆಯೇ ಒಪ್ಪಿಸಿದಳು: "ವೈನಿ, ನಿಮ್ಮ ಗೆಳತಿಗಿ ಸಾವಿರ ಶರಣು ಹೇಳ್ರಿ. ಹೋದ ವರ್ಷ ಜ್ಯೇಷ್ಠದಾಗ ನನ್ನ ಹಾಲ್‌ನಾಗ ಲಗ್ನದ ಮ್ಯಾಲ ಲಗ್ನ ಇದ್ವು. ಅವಾಗ ನಿಮ್ಮ ಬಾವ್ಯಾಗ ನೀರು ಏರ್ಯಾವ. ಆಷಾಢದಾಗ ಲಗ್ನ ಎಲ್ಲವ? ಹಾಲ್‌ಗಿ ಕೀಲಿ. ಅವಾಗ ನೀರು ಇಳದಾವ. ನನ್ನ ಬೋರು ನಿಮ್ಮ ಬಾವಿಗಿ ನೀರು ತುಂಬಾಕತ್ತದ ಅಂತ ಕಾಣ್ತದ!"

ನಾನೇ ನೋಡಿದೆ, ನನ್ನ ಕಂಪ್ಯೂಟರಿನಲ್ಲೇ. ಅವನು ಹೇಳಿದ್ದು ನಿಜ. ಜ್ಯೇಷ್ಠದಲ್ಲಿ ಗೆರೆ ಮೇಲೆದ್ದಿತ್ತು, ಆಷಾಢದಲ್ಲಿ ಧೊಪ್ಪನೆ ಬಿದ್ದಿತ್ತು. ಇದು ನೀಲಮ್ಮನ ಪುರಾವೆಯಲ್ಲ, ಬಸವರಾಜನದು. ಮಾಡಿಕೊಟ್ಟವಳು ನಾನು!

"ನೀಲಾ, ಹಂಗಾದ್ರ ಬೋರು ಕಾರಣ ಅಲ್ಲೇನೋ..." ಎಂದೆ, ಮೆಲ್ಲಗೆ.

ಆ ಕಡೆಯಿಂದ ಗಟ್ಟಿ ದನಿ. "ಸುಧಾ, ಹಗ್ಗ ಬಿಟ್ಟಾಕಿ ನಾನು. ಬಾವಿ ನೋಡಿದಾಕಿ ನಾನು. ನಿನ್ನ ಗೆರಿ ಎಲ್ಲೋ ತಪ್ಪೇದ. ಐತವಾರ ಕೂಡಾಕತ್ತಾರ. ಅದರೊಳಗ ಹುಡುಕು." ಫೋನ್ ಇಟ್ಟಳು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೂತೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಇಲ್ಲಿಯ ತನಕ ಮಾಡಿದ ರಿಪೇರಿಗಳನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಾ ಹೋದೆ. ಬುಡಮೇಲು ಮಾಡಿದ ಅಕ್ಷ ಬಿಚ್ಚಿದೆ, ಏರಿಳಿತ ಅದಲುಬದಲಾಯಿತು, ತಿಂಗಳು ಅವೇ. ಫಾಂಟ್ ತೆಗೆದೆ, ಗೆರೆಗೆ ಏನೂ ಆಗಲಿಲ್ಲ. ಕೊನೆಗೆ ಉಳಿದದ್ದು ನಾನು ಅಳಿಸಿದ ಆ ಒಂದು ಅಂಕಿ. ಅದನ್ನು ವಾಪಸು ಹಾಕಿದೆ. ಮತ್ತೆ ಅದೇ ಕೆಂಪು ಎರರ್. ತಾಳೆಯಿಲ್ಲ, ಬಿಡಿಸಲಾರೆ.

ಈ ಸಲ ಅದರ ಬಾಯಿ ಮುಚ್ಚಿಸಲಿಲ್ಲ. ಕೇಳಿಸಿಕೊಂಡೆ. ಏನು ತಾಳೆಯಿಲ್ಲ? ಯಾಕೆ ಹೆಚ್ಚಿದೆ?

ನೀಲಮ್ಮನಿಗೆ ಫೋನ್ ಹಚ್ಚಿದೆ. "ಮೋಟರ್ ರೂಮಿಗಿ ಹೋಗು. ನೀ ಓದಿದ ಸಾಲು ಎಲ್ಲಾ ಒಂದೇ ಉದ್ದ ಅವ ಏನು ನೋಡು."

ಅವಳು ಹೋಗುವ 'ಟಪ್ ಟಪ್' ಚಪ್ಪಲಿ ಸದ್ದು, ಬಾಗಿಲು ತೆರೆದ ಸದ್ದು. "ಎಲ್ಲಾ ಒಂದೇ ಅವ. ಆದ್ರ ಕೆಳಗಿಂದು ಹಂಗಿರಬಾರ್ದು."

"ಯಾಕ?"

"ಅದು ಹೋದ ಯುಗಾದಿಯಿಂದ ಬರದ ಸಾಲು, ಇನ್ನ ಮುಗದಿಲ್ಲ. ಫಾಲ್ಗುಣದ್ದು ಬರೀಬೇಕು. ಆದ್ರೂ ಮ್ಯಾಲಿನ ಸಾಲಿನಷ್ಟೇ ಉದ್ದ ಆಗ್ಯಾದ. ಇನ್ನೊಂದು ಬರದ್ರ ಕಿಟಕಿಗಿ ಬಡೀತದ..." ಅವಳು ಅಲ್ಲಿಗೇ ನಿಂತಳು. ನಾನೂ ನಿಂತೆ.

ಫಾಲ್ಗುಣ ಬರುವ ಮೊದಲೇ ವರ್ಷ ತುಂಬಿತ್ತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತೋ ಏನೋ.

"ಅಧಿಕ!" ಎಂದಳು ಅವಳು.

ಹೋದ ವರ್ಷ ಅಧಿಕ ಜ್ಯೇಷ್ಠ, ಅಂದರೆ ಸುಮಾರು ಮೂರು ವರ್ಷಕ್ಕೊಮ್ಮೆ ಪಂಚಾಂಗದಲ್ಲಿ ಸೇರುವ ಹೆಚ್ಚಿನ ತಿಂಗಳು ಬಂದಿತ್ತು. ಮೊದಲು ಅಧಿಕ ಜ್ಯೇಷ್ಠ, ಆಮೇಲೆ ನಿಜ ಜ್ಯೇಷ್ಠ. ಹದಿಮೂರು ಅಮಾವಾಸ್ಯೆ. ಗೋಡೆ ಹದಿಮೂರನ್ನೂ ಬರೆದಿಟ್ಟುಕೊಳ್ಳಲು ಹೊರಟಿತ್ತು. ನಾನು ಬಾಯಿಪಾಠದ ಹನ್ನೆರಡನ್ನೇ ಟೈಪ್ ಮಾಡಿದ್ದೆ. ಅಧಿಕದ ಅಂಕಿ ಜ್ಯೇಷ್ಠದ ಜಾಗಕ್ಕೆ ಹೋಯಿತು, ಜ್ಯೇಷ್ಠದ್ದು ಆಷಾಢದ ಜಾಗಕ್ಕೆ. ಅಲ್ಲಿಂದ ಮುಂದೆ ಪ್ರತಿಯೊಂದೂ ಪಕ್ಕದ ಮನೆಯಲ್ಲಿ. ಎಂಟರ್ ಒತ್ತಿದ ಮೊದಲ ಸಲವೇ ಪ್ರೋಗ್ರಾಂ ಇದನ್ನೇ ಹೇಳಿತ್ತು.

"ಏ, ನಿಮ್ಮ ಮಂದಿ ಪಂಚಾಂಗ ನೋಡ್ದೆ ಹೊಸ್ತಿಲ ದಾಟಂಗಿಲ್ಲ. ಅಧಿಕ ನಿನಗ ಹ್ಯಾಂಗ ಮರೀತು?" ನೀಲಮ್ಮ ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ಅವಳ ನಗು ಕೇಳಿದೆ. ನಮ್ಮ ಮನೆಯ ಪಂಚಾಂಗ ಕಂಪ್ಯೂಟರಿನ ಮೇಲೆಯೇ ಮೊಳೆಗೆ ನೇತಾಡುತ್ತಿದೆ ಎಂದು ಅವಳಿಗೆ ಹೇಳಲಿಲ್ಲ.

ಒಳಗಿನಿಂದ ನಮ್ಮವರು ಬಂದರು. "ಹೋದ ವರ್ಷ ಅಧಿಕ ಇದ್ದದ್ದು ನನ್ನ ಕೇಳಿದ್ರ ಹೇಳ್ತಿದ್ದೆ. ನಿಮ್ಮವ್ವ ನನಗ ತಾಟಿನ ತುಂಬ ಅನಾರಸ ಕೊಟ್ಟಿದ್ದು ಅವಾಗನೇ ಅಲ್ಲೇನು?"

ಅಧಿಕ ಮಾಸದಲ್ಲಿ ಅಳಿಯನಿಗೆ ಮೂವತ್ತಮೂರು ಅನಾರಸ, ಅಂದರೆ ಅಕ್ಕಿ-ಬೆಲ್ಲದ ಕಜ್ಜಾಯ, ಕೊಡುವುದು ನಮ್ಮ ಕಡೆಯ ಪದ್ಧತಿ. ಆ ಅನಾರಸಕ್ಕೆ ಅಕ್ಕಿ ನೆನೆಹಾಕಿದವಳು ನಾನು, ಬೆಲ್ಲ ಕುಟ್ಟಿದವಳು ನಾನು. ನೆನಪಿಟ್ಟುಕೊಂಡವರು ತಿಂದವರು!

ಅಧಿಕವನ್ನು ಅದರ ಜಾಗದಲ್ಲಿ ಕೂರಿಸಿ ಮತ್ತೆ ಬಿಡಿಸಿದೆ. ಎಕ್ಸ್ ವೈ ತಾಳೆಯಾದವು, ಎರರ್ ಇಲ್ಲ. ಹೊಸ ಗೆರೆ ನೋಡಿ ಎದ್ದು ನಿಂತೆ. ಅಧಿಕ ಮಾಸದಲ್ಲಿ ಲಗ್ನ ಮಾಡುವುದಿಲ್ಲ. ಮಂಟಪಕ್ಕೆ ಕೀಲಿ, ಬೋರು ಬಂದ್. ನಡು ಬೇಸಿಗೆಯಲ್ಲಿ, ಒಂದು ಹನಿ ಮಳೆ ಇಲ್ಲದೆ, ಬಾವಿಯ ನೀರು ಮೇಲೇರಿತ್ತು. ಮರುತಿಂಗಳು ನಿಜ ಜ್ಯೇಷ್ಠ. ತಡೆದಿದ್ದ ಲಗ್ನಗಳೆಲ್ಲ ಒಟ್ಟಿಗೆ ಬಂದವು. ಬಾವಿ ತಳ ಕಂಡಿತ್ತು.

ಬೇರೆ ವರ್ಷಗಳಲ್ಲಿ ಲಗ್ನವಿಲ್ಲದ ತಿಂಗಳೆಂದರೆ ಮಳೆಯ ತಿಂಗಳು. ಆಗ ನೀರು ಏರಿದರೆ ಅದು ಮಳೆಯಿಂದಲೋ, ಬೋರು ನಿಂತದ್ದರಿಂದಲೋ ಹೇಳಲು ಬರುವುದಿಲ್ಲ. ಅಧಿಕ ಒಂದೇ ಒಣ ಬಿಸಿಲಲ್ಲಿ ಬೋರು ನಿಂತ ತಿಂಗಳು. ಅವಳಿಗೆ ಬೇಕಾದ ಪುರಾವೆ ಇದ್ದದ್ದೇ ಅಲ್ಲಿ. ನಾನು ಅಂಕಿ ಅಳಿಸಿ ಮುಚ್ಚಿಹಾಕಿದ್ದೂ ಅದನ್ನೇ.

ಭಾನುವಾರ ಹಾಳೆಯನ್ನು ಕಂಡಕ್ಟರ್ ಕೈಗೆ ಕೊಡಲಿಲ್ಲ. ನಾನೇ ಬಸ್ಸು ಹತ್ತಿದೆ.

ಹಿರಿಯರು ಸೇರಿದ್ದು ಬಾವಿಯ ಪಕ್ಕದ ಬೇವಿನ ನೆರಳಲ್ಲಿ. ಎಲ್ಲರಿಗಿಂತ ಹಿರಿಯರು ಶಾಂತಪ್ಪ ಕಾಕಾ. ಹಾಳೆ ಕೈಗೆ ತೆಗೆದುಕೊಂಡು, "ತಂಗಿ, ಈ ಕಂಪ್ಯೂಟರ್ ಗೆರಿ ನಮಗ ಓದಾಕ ಬರಂಗಿಲ್ಲ," ಎಂದರು.

"ಇದು ಬಾವಿನೇ ಅದ, ಕಾಕಾ. ಮ್ಯಾಲಿನ ಅಂಚು ಕಟ್ಟಿ. ಗೆರಿ ಅಂದ್ರ ನೀರು. ಬಟ್ಟು ಇಟ್ಟು ನೋಡ್ರಿ."

ಅವರು ಬೆರಳಿಟ್ಟರು. ಗೆರೆಯ ಜೊತೆ ನಿಧಾನವಾಗಿ ಸಾಗಿ, ಒಂದು ಆಳದಲ್ಲಿ ನಿಂತರು. "ಇದ್ಯಾವ ಅಮಾಸಿ?"

"ಹೋದ ವರ್ಷ ಮಣ್ಣೆತ್ತಿನ ಅಮಾಸಿ," ಎಂದಳು ನೀಲಮ್ಮ. "ಹುಡುಗರು ಎತ್ತು ಮಾಡಾಕ ಇದೇ ಬಾವ್ಯಾಗ ಇಳದು ಮಣ್ಣು ತಂದಿದ್ದು ನೆನಪಿಲ್ಲೇನ್ರಿ?"

"ಖರೆ. ನಮ್ಮ ಮನ್ಯಾಗೂ ಅದೇ ಮಣ್ಣಿನ ಎತ್ತು ಮಾಡಿದ್ರು." ಬೆರಳು ಒಂದು ಹೆಜ್ಜೆ ಹಿಂದೆ ಸರಿಯಿತು. "ಇದರ ಹಿಂದಿಂದು? ನೀರು ಏರ್ಯಾವಲ್ಲ?"

ಅಲ್ಲಿ ನಾನು ಕೆಂಪು ಸ್ಕೆಚ್ ಪೆನ್ನಿನಿಂದ ಬರೆದಿದ್ದೆ. ಅವರೇ ಓದಿದರು. "ಅಧಿಕ."

ಕಾಕಾ ತಲೆಯೆತ್ತಿ ಬಸವರಾಜನನ್ನು ನೋಡಿದರು. "ಬಸಣ್ಣ, ಅಧಿಕದಾಗ ಹಾಲ್ ಹ್ಯಾಂಗಿತ್ತು?"

"ಕೀಲಿ ಹಾಕಿತ್ತ್ರಿ."

"ಬೋರು?"

"ಬಂದ್ ಇತ್ತ್ರಿ."

"ಮಳಿ ಬಂದಿತ್ತೇನು?"

ಹಿಂದಿನಿಂದ ಯಾರೋ ಹೇಳಿದರು, "ಎಲ್ಲಿ ಮಳಿ ಕಾಕಾ? ಮುಂದ ಕಾರಹುಣ್ಣಿಮಿಗಿ ಎತ್ತು ಓಡಿಸಿದಾಗೂ ಬರೇ ಧೂಳ ಎದ್ದಿತ್ತಲ್ಲ."

ಬಸವರಾಜ ಹಾಳೆ ಇಸಿದುಕೊಂಡ. ನಗಲಿಲ್ಲ. ಬಹಳ ಹೊತ್ತು ನೋಡಿದ. ಅವನು ಕೆಟ್ಟವನಲ್ಲ, ಸಾಲುಸಾಲು ಮುಹೂರ್ತದ ನಡುವೆ ಬಾವಿಯ ಕಡೆ ತಿರುಗಿ ನೋಡಿರಲಿಲ್ಲ, ಅಷ್ಟೇ. "ನಾ ಬೇಕಂತ ಮಾಡಿದ್ದಲ್ಲ, ವೈನಿ," ಎಂದ.

"ಬೇಕಂತ ಮಾಡಿದಿ ಅಂತ ನಾ ಯಾವಾಗ ಅಂದೀನಿ?" ಎಂದಳು ನೀಲಮ್ಮ. "ನೀರು ಇಳ್ಯಾಕತ್ತಾವ ಅಂದೆ. ಎರಡು ವರ್ಷ ಅದೊಂದೇ ಅಂದೆ."

ಮಾಸ್ತರು ನೆಲ ನೋಡುತ್ತಿದ್ದರು.

ಅಲ್ಲೇ ತೀರ್ಮಾನವಾಯಿತು. ಮಂಟಪಕ್ಕೆ ಇನ್ನು ಟ್ಯಾಂಕರ್ ನೀರು, ಬೋರು ಬಂದ್. ಪ್ರತಿ ಅಮಾವಾಸ್ಯೆ ಹಗ್ಗ ಬಿಡುವಾಗ ಬಸವರಾಜನೂ ಕಟ್ಟೆಯ ಮೇಲೆ ನಿಂತು ಅಂಕಿ ನೋಡಬೇಕು ಎಂದು ಕಾಕಾ ಸೇರಿಸಿದರು. ಯುಗಾದಿಯ ಮರುದಿನ ನೀಲಮ್ಮ ಬಾಳೆ ಕಂದು ನೆಟ್ಟಳು. ಹಳೆಯ ಗಿಡದ ಒಂದು ಕೆಂಪು ಗೊನೆ ಹುಮನಾಬಾದ್ ಬಸ್ಸಿನಲ್ಲಿ ನಮ್ಮ ಮನೆಗೆ ಬಂತು. (ಈ ಸಲ ಕಂಡಕ್ಟರ್ ಸರಿಯಾದ ಮನೆಗೇ ಕೊಟ್ಟ.) ನಮ್ಮವರು ಹಣ್ಣು ಸುಲಿಯುತ್ತಾ, ಮುಂದಿನ ಅಧಿಕ ಯಾವಾಗ ಎಂದು ಪಂಚಾಂಗ ತಿರುವುತ್ತಿದ್ದರು.

ಹುಡುಗಿಯರಿಗೆ ಪಾಠ ಶುರು ಮಾಡುವಾಗ ಶೋ, ಸೇವ್, ಫಾಂಟ್ ಎಲ್ಲವನ್ನೂ ಹೇಳಿಕೊಡುತ್ತೇನೆ. ಅವೆಲ್ಲ ಸಣ್ಣ ರೋಗ, ಔಷಧಿ ಗೊತ್ತಿದೆ. ನನಗೆ ಮರೆಯಲಾಗದ್ದು ಆ ಕೆಂಪು ಎರರ್. ಅದು ತಾಳೆಯಿಲ್ಲ ಎಂದಾಗ ನಾನು ಯಾಕೆ ಎಂದು ಕೇಳಲಿಲ್ಲ. ಹೆಚ್ಚಿನದನ್ನು ಕತ್ತರಿಸಿದೆ, ಅದು ಸುಮ್ಮನಾಯಿತು, ನನಗೆ ಸಮಾಧಾನವಾಯಿತು. ನೀಲಮ್ಮನ ಮನೆಯಲ್ಲಿ, ಊರಿನಲ್ಲಿ ಎರಡು ವರ್ಷ ಅವಳ ಮಾತಿಗೆ ಆದದ್ದೂ ಇದೇ ಅಲ್ಲವೇ?

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ದಿನಾ ತಾಳೆಯಿಲ್ಲ, ತಾಳೆಯಿಲ್ಲ ಎನ್ನುತ್ತಿರಬಹುದು. ನೀವು ಕಾರಣ ಹುಡುಕುತ್ತಿದ್ದೀರೋ, ಕತ್ತರಿಯೋ?